ಬಲಬದಿಯ ಸೀಟು

ಡಿಕ್ಕಿಯ ಮುಚ್ಚಳದಲ್ಲಿ ಈಗ ನಾಲ್ಕು ತೂತುಗಳಿವೆ. ಮೊದಲು ಒಂದೂ ಇರಲಿಲ್ಲ.

ನಾನು ಒಳಗೆ ಕಾಲಿಟ್ಟಾಗ ಡ್ರಿಲ್ಲಿನಿಂದ ಉದುರಿದ ತಗಡಿನ ಸುರುಳಿಗಳು ಇನ್ನೂ ಹಿಂದಿನ ಬಂಪರಿನ ಮೇಲೆ ಬಿದ್ದಿದ್ದವು. ಒಂದು ಮೈ ಕಪ್ಪು, ಇನ್ನೊಂದು ಮೈ ಬೆಳ್ಳಿ. ತೂತುಗಳ ಮೇಲೆ ಮಿರುಗುವ ಅಕ್ಷರಗಳನ್ನು ಕೂರಿಸಿ, ಸ್ವಲ್ಪ ಹಿಂದೆ ಸರಿದು, ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದವನು ನನ್ನ ಭಾವ, ಅಂದರೆ ಸೋದರಮಾವನ ಮಗ. ಕಾರು ಮಾವನದು. ಮಾವ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ತೆಕ್ಕಟ್ಟೆಯ ಅವರ ಮನೆಯ ಶೆಡ್ಡಿನಲ್ಲಿ ನಿಂತಿದ್ದ ಕಾರನ್ನು ಭಾವ ಬೇರೊಂದು ಗಾಡಿಗೆ ಕಟ್ಟಿಸಿ ಬ್ರಹ್ಮಾವರದ ಈ ಗ್ಯಾರೇಜಿಗೆ ಎಳೆಸಿಕೊಂಡು ಬಂದಿದ್ದ. ಎರಡನೆಯ ಕೀಲಿಕೈ ನನ್ನ ಹತ್ತಿರ ಇದೆಯೆಂದು ಗೊತ್ತಾಗಿ, ಕಾಲೇಜಿನಲ್ಲಿ ಪಾಠ ಮುಗಿಸಿದ ಮೇಲೆ ತಂದುಕೊಡು ಎಂದು ಫೋನು ಮಾಡಿದ್ದ. ಮಾವ ಹೋದ ಮೇಲೆ ನಮ್ಮಿಬ್ಬರ ನಡುವೆ ನಡೆದ ಮೊದಲ ಮಾತು ಅದು.

"ಕೀ ತಂದ್ಯಾ?"

"ತಂದಿದ್ದೆ."

"ಅಲ್ಲಿಡ್."

ನಾನು ಕೀಲಿಕೈಯನ್ನು ಮೇಜಿನ ಮೇಲಿಟ್ಟೆ. "ಇದೆಂತ ಮಾಡ್ಸದ್ದ್ ಭಾವ?"

"ಕಾಣುದಿಲ್ಯಾ? ಹೆಸ್ರ್ ಹಾಕ್ಸದ್ದ್. ನಿನ್ ಮಾವ ಇಷ್ಟ್ ವರ್ಷ ಹೆಸ್ರಿಲ್ದ್ ಕಾರ್ ಓಡ್ಸಿ ಊರವ್ರನ್ನ ನಗ್ಸದ್ರ್. ಇನ್ನಾರೂ ಕಂಡವ್ರಿಗ್ ಇದ್ ಯಾವ್ ಕಾರ್ ಅಂದೇಳಿ ಗೊತ್ತಾಯ್ಲಿ."

ಅಪ್ಪಯ್ಯ ಎಂದು ಅವನು ಹೇಳಲಿಲ್ಲ. ನಿನ್ನ ಮಾವ ಎಂದ.

ಆ ಕಾರಿನ ಬಗ್ಗೆ ಇಲ್ಲಿ ಹೇಳಬೇಕು. ಮಾವ ಮುಂಬೈಯಲ್ಲಿ ಒಬ್ಬ ಜರ್ಮನ್ ಸಾಹೇಬರ ಡ್ರೈವರ್ ಆಗಿದ್ದರು. ಸಾಹೇಬರು ಯಂತ್ರಗಳ ಕಂಪೆನಿಯೊಂದನ್ನು ನೋಡಿಕೊಳ್ಳಲು ಬಂದವರು. ಬರುವಾಗ ತಮ್ಮ ಊರಿನ ಕಾರನ್ನು ಹಡಗಿನಲ್ಲಿ ತರಿಸಿಕೊಂಡರು. ನೋಡಲು ಅದು ಆ ಕಾಲದ ಸಾದಾ ಜರ್ಮನ್ ಸೆಡಾನ್: ಕಪ್ಪು, ಚೌಕಾಕಾರ, ಬ್ಯಾಂಕ್ ಮ್ಯಾನೇಜರನ ಮುಖದಂತೆ ಗಂಭೀರ. ಒಳಗಿನದು ಬೇರೆ. ದೊಡ್ಡ ಕಾರಿಗೆಂದು ಮಾಡಿದ ಎಂಟು ಸಿಲಿಂಡರಿನ ಎಂಜಿನನ್ನು ಆ ಮಧ್ಯಮ ದೇಹದಲ್ಲಿ ಕೂರಿಸಿ, ಬ್ರೇಕು, ಸ್ಪ್ರಿಂಗು, ಗಾಲಿ ಎಲ್ಲವನ್ನೂ ಅದಕ್ಕೆ ತಕ್ಕಂತೆ ಕಾರ್ಖಾನೆಯಲ್ಲೇ ಹದಮಾಡಿ ಕಳಿಸಿದ್ದರು. ಅಂಥವನ್ನು ಅವರು ಹೆಚ್ಚು ಮಾಡಲಿಲ್ಲ. ಹೊರಗಿನಿಂದ ಗುರುತು ಹಿಡಿಯಲು ಎರಡೇ ದಾರಿ. ಗಾಲಿಗಳ ಮೇಲಿನ ತಗಡು ಉಳಿದವಕ್ಕಿಂತ ಒಂದು ಬೆರಳು ಉಬ್ಬಿದೆ. ಸ್ಟೇರಿಂಗ್ ಎಡಗಡೆ ಇದೆ. ಎಂಜಿನ್ ಅಷ್ಟು ಜಾಗ ತಿಂದದ್ದರಿಂದ ಬಲಗಡೆ ಕೊಡಲು ಕಾರ್ಖಾನೆಯವರಿಗೇ ಆಗಲಿಲ್ಲ. ಹಿಂದೆ ಹಾಕುವ ಹೆಸರಿನ ಅಕ್ಷರಗಳು ಬೇಡವೆಂದು ಸಾಹೇಬರೇ ಕಾರ್ಖಾನೆಗೆ ಹೇಳಿದ್ದರಂತೆ. ಹಾಗಾಗಿ ಅಕ್ಷರಗಳ ಮೊಳೆ ಕೂರಲು ಬೇಕಾದ ತೂತುಗಳೂ ಇರಲಿಲ್ಲ. ಅಕ್ಷರ ಕಿತ್ತ ಕಾರಿಗೂ ಅಕ್ಷರವೇ ಬೇಡವೆಂದು ಮಾಡಿಸಿದ ಕಾರಿಗೂ ವ್ಯತ್ಯಾಸ ಅಷ್ಟೇ: ಮುಚ್ಚಳದ ಒಳಮೈಯನ್ನು ಬೆರಳಿನಿಂದ ಸವರಿದರೆ ನುಣುಪಾಗಿರಬೇಕು. ಮಾವ ನನ್ನ ಬೆರಳು ಹಿಡಿದು ಸವರಿಸಿದ್ದರು. "ಗೊತ್ತಿದ್ದವ್ರಿಗ್ ಗೊತ್ತಿತ್ತ್. ಗೊತ್ತಿಲ್ದವ್ರಿಗ್ ಎಂತಕ್ಕೆ?" ಎಂದು ಸಾಹೇಬರ ಮಾತನ್ನು ನಮ್ಮ ಭಾಷೆಯಲ್ಲಿ ಹೇಳುತ್ತಿದ್ದರು.

ಸಾಹೇಬರು ದೇಶ ಬಿಟ್ಟು ಹೋಗುವಾಗ ಕಾರನ್ನು ಮಾವನ ಹೆಸರಿಗೆ ಮಾಡಿಕೊಟ್ಟರು. ಮಾವ ಅದನ್ನು ಗೋವಾ ದಾರಿಯಾಗಿ ಒಬ್ಬರೇ ಓಡಿಸಿಕೊಂಡು ಊರಿಗೆ ಬಂದರು. ಈ ಕಥೆಯನ್ನು ನಾನು ಎಷ್ಟು ಸಲ ಕೇಳಿದರೂ ಒಂದು ಎಳೆಯೂ ಬದಲಾಗುತ್ತಿರಲಿಲ್ಲ. ದೊಡ್ಡವಳಾಗಿ, ಓದಿ, ಒಂದೊಂದನ್ನೂ ನಾನೇ ಪರೀಕ್ಷಿಸಿ ನೋಡಿದ್ದೇನೆ. ಅವರು ಹೇಳಿದ್ದೆಲ್ಲ ಸರಿಯಿತ್ತು. ಊರು ಮಾತ್ರ ನಂಬಲಿಲ್ಲ. ಕಳ್ಳಸಾಗಣೆಯ ಮಾಲು ಎಂದರು, ಸತ್ತ ದೊರೆಯ ಕಾರು ಎಂದರು. ಸ್ಟೇರಿಂಗ್ ತಪ್ಪು ಕಡೆ ಇರುವುದರಿಂದ ಕಂಪೆನಿ ಬಿಸಾಡಿದ ಕಾರು ಎಂದೂ ಒಬ್ಬರು ಹೇಳಿದ್ದರು. ಭಾವ ಶಾಲೆಗೆ ಹೋಗುತ್ತಿದ್ದ ಕಾಲ ಅದು. ಆ ಮಾತುಗಳು ನನಗಿಂತ ಹೆಚ್ಚು ಅವನ ಕಿವಿಗೆ ಬಿದ್ದಿರಬೇಕು.

ನಮ್ಮಲ್ಲಿ ಗಂಡಸಿಗೆ ಎರಡು ಮನೆ. ಹೆಂಡತಿ ಮಕ್ಕಳ ಮನೆ ಒಂದು. ಅವನ ತಾಯಿ, ಅಕ್ಕತಂಗಿಯರು ಇರುವ ಮೂಲಮನೆ ಇನ್ನೊಂದು. ಅವನ ಕುಲ ಮುಂದುವರಿಯುವುದು ಅಕ್ಕತಂಗಿಯರ ಮಕ್ಕಳಲ್ಲಿ. ಅಳಿಯಕಟ್ಟು ಕಾನೂನಿನಿಂದ ಹೋಗಿ ಬಹಳ ಕಾಲವಾಯಿತು. ನಮ್ಮ ಮನೆಯ ಭಾನುವಾರಗಳಿಂದ ಹೋಗಿರಲಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಮಾವ ತೆಕ್ಕಟ್ಟೆಯಿಂದ ಹಾಲಾಡಿಗೆ, ನನ್ನ ಅಮ್ಮನ ಮನೆಗೆ ಬರುತ್ತಿದ್ದರು. ದೈವಕ್ಕೆ ದೀಪವಿಟ್ಟು, ಕೊಟ್ಟಿಗೆಯ ಮಾಡು ಸೋರುತ್ತದೆಯೇ ನೋಡಿ, ಊಟ ಮಾಡಿ, ನನ್ನನ್ನು ಕೂರಿಸಿಕೊಂಡು ಒಂದು ಸುತ್ತು ಹೋಗುತ್ತಿದ್ದರು.

ನಾನು ಕೂರುತ್ತಿದ್ದದ್ದು ಬಲಬದಿಯ ಸೀಟಿನಲ್ಲಿ. ಎಡಗಡೆ ಕೂತು ಓಡಿಸುವವನಿಗೆ ಮುಂದಿರುವ ಬಸ್ಸಿನ ಆಚೆ ಏನೂ ಕಾಣುವುದಿಲ್ಲ. ಹಾಗಾಗಿ ಬಲಗಡೆಯವರು ತಲೆ ವಾಲಿಸಿ ನೋಡಿ ಹೇಳಬೇಕು. ಎದುರಿಗೆ ಏನೂ ಇಲ್ಲದಿದ್ದರೆ "ಹೋಪ", ಹೋಗೋಣ ಎಂದು. ಇದ್ದರೆ ಏನೂ ಹೇಳಬಾರದು. "ಬ್ಯಾಡ" ಎಂದೂ ಹೇಳಬಾರದು, ಗಡಿಬಿಡಿಯಲ್ಲಿ ಒಂದು ಮಾತು ಇನ್ನೊಂದರಂತೆ ಕೇಳಿಸೀತು ಎಂದು ಮಾವನ ನಿಯಮ. ಏಳನೆಯ ವಯಸ್ಸಿನಿಂದ ನಾನು ಆ ಕೆಲಸ ಮಾಡಿದ್ದೇನೆ. ನಾನು "ಹೋಪ" ಎಂದರೆ ಮಾವ ಒಂದು ಕ್ಷಣವೂ ಯೋಚಿಸುತ್ತಿರಲಿಲ್ಲ. ಆ ಕಾರು ಮೌನವಾಗಿ ತಗ್ಗಿ, ಬೆನ್ನಿಗೆ ಸೀಟು ಒತ್ತಿ, ಬಸ್ಸನ್ನು ಹಿಂದೆ ಬಿಡುತ್ತಿತ್ತು. ಅಷ್ಟು ದೊಡ್ಡವರೊಬ್ಬರು ನನ್ನ ಒಂದು ಮಾತಿನ ಮೇಲೆ ಪ್ರಾಣ ಇಡುತ್ತಿದ್ದರು ಎನ್ನುವುದನ್ನು ನಾನು ಯಾರಿಗೂ ಹೇಳಿಕೊಂಡಿಲ್ಲ. ಹೆದ್ದಾರಿ ನಾಲ್ಕು ಪಥವಾದ ಮೇಲೆ ಅವರಿಗೆ ಅದು ಬೇಸರವಾಯಿತು. "ಅಲ್ ಕಾಂಬುಕ್ ಎಂತ ಇತ್ತ್?" ಎಂದು ಕೋಟೇಶ್ವರ–ಹಾಲಾಡಿ ರಸ್ತೆಯಲ್ಲೇ ಓಡಾಡುತ್ತಿದ್ದರು. ನನಗೆ ಓಡಿಸಲು ಕಲಿಸಿದ್ದೂ ಅಲ್ಲೇ. ಕಾರು ನಿನಗೆ ಎಂದು ಹೇಳಿದ್ದೂ ಅಲ್ಲೇ, ಬರೆದುಕೊಡದೆ.

ಮಾವನ ಬೊಜ್ಜದ ದಿನ, ಉತ್ತರಕ್ರಿಯೆಯ ಊಟವೆಲ್ಲ ಆದ ಮೇಲೆ ಅಮ್ಮ ಆ ಮಾತನ್ನು ಎತ್ತಿದಳು. ಅತ್ತೆ ಎಲೆ ಎತ್ತುವುದನ್ನು ನಿಲ್ಲಿಸಿ ಸೊಂಟ ನೆಟ್ಟಗೆ ಮಾಡಿದರು.

"ಗಂಡನ್ನ ಭಾನ್ವಾರ ಪೂರಾ ನೀವೇ ಇಟ್ಕಂಡಿರಿ. ಕಾರಾರೂ ನಮ್ಗಿರ್ಲಿ ಅತ್ಗೆ."

"ಅಣ್ಣ ಹೇಳಿದ್ದಿತ್ತ್..." ಎಂದಳು ಅಮ್ಮ.

"ಅಣ್ಣ ಹೇಳ್ದ್ ಮಾತೆಲ್ಲ ನಿಮ್ಮನೆಲೇ ಇತ್ತಲೆ. ನಮ್ಮನೆಗ್ ಬಪ್ಪತ್ತಿಗೆ ಅವ್ರಿಗ್ ಬಾಯೇ ಬತ್ತಿರ್ಲಿಲ್ಲೆ."

ಅಮ್ಮ ಚಪ್ಪಲಿ ಹಾಕಿಕೊಂಡು ಹೊರಟಳು. ಅಂದಿನಿಂದ ಎರಡು ಮನೆಗಳ ನಡುವೆ ಹೋಗಿಬರುವುದು ನಿಂತಿತು.

ಈಗ ಬ್ರಹ್ಮಾವರದಲ್ಲಿ, ಗ್ಯಾರೇಜಿನ ಮೇಸ್ತ್ರಿ ಡ್ಯಾಶ್‌ಬೋರ್ಡಿನ ಕೆಳಗೆ ಟಾರ್ಚು ಹಿಡಿದು ಮಲಗಿದ್ದ. ಕಾಲು ಮಾತ್ರ ಹೊರಗೆ.

"ಅವ್ರೆಂತ ಮಾಡ್ತಿದ್ರ್?" ಎಂದೆ.

"ಸ್ಟೇರಿಂಗ್ ಈಚೆಗ್ ತರುಕೆ," ಎಂದ ಭಾವ. "ಶಿವಮೊಗ್ಗದ್ದ್ ಒಂದ್ ಪಾರ್ಟಿ ಇತ್ತ್. ಮದಿ ದಿಬ್ಬಣಕ್ಕೆ ಬಾಡ್ಗಿ ಕೊಡುಕೆ ಬೇಕಂಬ್ರ್. ಮದಿಗಂಡ್ ಹತ್ತುದಕ್ಕೆ ಕಪ್ಪ್ ಕಾರ್, ಲಾಯ್ಕಿತ್ತ್ ಅಂದ್ರ್. ಆರೆ ಈ ಕುರ್ಡ್ ಸ್ಟೇರಿಂಗ್ ಬ್ಯಾಡ ಅಂಬ್ರ್."

ಮೇಸ್ತ್ರಿಯ ದನಿ ಒಳಗಿನಿಂದ ಬಂತು. "ಇಲ್ಲ್ ಜಾಗವೇ ಇಲ್ಲೆ ಮಾರಾಯ್ರೆ. ಎಂಜಿನ್ ಅಡ್ಡ ಬತ್ತ್. ಈ ತಗ್ಡೆಲ್ಲ ಕೊರೀಕ್. ಕೊರ್ದ್ ಮೇಲೂ ಕೂಕಂತೋ ಇಲ್ಯೋ, ನಾ ಹೇಳುದಿಲ್ಲೆ."

"ಕೊರೀನಿ. ನಾಳೆ ಬೆಳಿಗ್ಗೆ ಕೊರೀನಿ." ಎಂದು ಮೇಸ್ತ್ರಿಗೆ ಹೇಳಿ ಭಾವ ನನ್ನ ಕಡೆ ತಿರುಗಿದ. "ಆಯ್ಲಿಲ್ಲ ಅಂದ್ರೆ ನೀವೇ ಎಳ್ಕಂಡ್ ಹೋಯ್ನಿ. ನಮ್ಮಮ್ಮನೂ ಹೇಳಿತ್. ಶೆಡ್ಡಿನ ಜಾಗವಾರೂ ಉಳೀತ್ತ್. ನಿಮ್ ಹಾಲಾಡಿ ಅಂಗ್ಳದಗೆ ಇಟ್ಟ್ ದಿನಾ ಹೂಗ್ ಹಾಕಿ ಪೂಜಿ ಮಾಡಿ."

ಅವನು ವ್ಯಂಗ್ಯವಾಗಿ ಹೇಳಿದ್ದು, ಆದರೆ ನಿಜವನ್ನೇ ಹೇಳಿದ್ದ. ನಾನು ಸುಮ್ಮನೆ ಮನೆಗೆ ಹೋದರೆ ಸಾಕಿತ್ತು. ನಾಳೆ ಅವರು ಕೊರೆಯುತ್ತಾರೆ, ಸ್ಟೇರಿಂಗ್ ಕೂರುವುದಿಲ್ಲ, ಶಿವಮೊಗ್ಗದವರು ಬೇಡ ಎನ್ನುತ್ತಾರೆ, ಕಾರು ನಮ್ಮ ಅಂಗಳಕ್ಕೆ ಬರುತ್ತದೆ. ಎಡಬದಿ ಕೊರೆದ, ಬಲಬದಿ ತುಂಡಾದ ಕಾರು. ಮಾವ ಕೊಟ್ಟ ಮಾತಿನಂತೆ ನನ್ನದು. ಬಾಯಿ ತೆರೆದರೆ ಕಾರು ಉಳಿಯುತ್ತದೆ, ಆದರೆ ಅದರ ಬೆಲೆ ಗೊತ್ತಾದ ಮೇಲೆ ಭಾವ ಅದನ್ನು ನಮಗೆ ಯಾವ ಕಾಲಕ್ಕೂ ಕೊಡುವವನಲ್ಲ.

ನಾನು ಡಿಕ್ಕಿ ತೆರೆದು ಮುಚ್ಚಳದ ಒಳಮೈಗೆ ಕೈಯಿಟ್ಟೆ. ತೂತಿನ ಅಂಚು ಬೆರಳಿಗೆ ತಾಗಿ ಗೀರಿತು.

"ಭಾವ, ಕೊರ್ಸ್‌ಬೇಡ."

"ಶುರುವಾಯ್ತ್."

"ಈ ಕಾರ್ ಬಲಗಡೆ ಸ್ಟೇರಿಂಗಿನಗೆ ಮಾಡ್ಲೇ ಇಲ್ಲೆ. ಎಡಗಡೆ ಇದ್ರೆ ಮಾತ್ರ ಇದ್ ಆ ಕಾರ್. ಕೊರ್ದ್ರೆ ಒಂದ್ ಹಳೇ ಕಾರ್, ಅಷ್ಟೇ. ಈ ಅಕ್ಷರ್ವೂ ಹಾಂಗೆ. ಇಲ್ದೇ ಇದ್ದದ್ದೇ ಅದ್ರ ಗುರ್ತ್."

"ಕಾಣಿ ಮೇಸ್ತ್ರಿ," ಎಂದ ಭಾವ. "ಕಾಲೇಜಂಗೆ ಪಾಠ ಮಾಡ್ತ್. ಹೆಸ್ರ್ ಇಲ್ದಿದ್ರೆ ಹೆಚ್ಚ್ ಬೆಲೆ ಅಂಬ್ರ್. ಹಾಂಗಾರೆ ನಾಳೆಯಿಂದ ನಿಮ್ ಗ್ಯಾರೇಜಿನ ಬೋರ್ಡೂ ತೆಗೀನಿ."

ಮೇಸ್ತ್ರಿ ಒಳಗಿನಿಂದಲೇ ನಕ್ಕ.

"ಇದೆಲ್ಲ ಎಂತಕ್ಕೆ ಅಂದೇಳಿ ನಂಗೊತ್ತಿತ್ತ್," ಎಂದ ಭಾವ, ದನಿ ಇಳಿಸಿ. "ಕಾರ್ ಶೆಡ್ಡಿನಗೇ ಕೊಳೀಕ್. ನಾ ಮಾರುಕಾಗ. ಅಷ್ಟೇ ಅಲ್ದಾ ನಿಂಗ್ ಬೇಕಾದ್ದ್?"

ನಾನು ಫೋನಿನಲ್ಲಿದ್ದ ಒಂದು ನಂಬರು ತೆಗೆದು ಅವನ ಮುಂದೆ ಹಿಡಿದೆ. ಮಾವ ಇದ್ದಾಗ ಮೈಸೂರಿನಿಂದ ಒಬ್ಬರು ಬಂದಿದ್ದರು, ಹಳೆಯ ಕಾರುಗಳನ್ನು ಇಟ್ಟುಕೊಂಡಿರುವವರು. ಅರ್ಧ ದಿನ ಕಾರಿನ ಸುತ್ತ ಮಂಡಿಯೂರಿ ಓಡಾಡಿದ್ದರು. ಕೊನೆಗೆ ಕೊಡುತ್ತೀರಾ ಎಂದು ಕೇಳಿದಾಗ ಮಾವ, "ಕಾಂಬುಕ್ ಬಂದ್ರಿ, ಕಂಡ್ರಿ. ಚಾ ಕುಡ್ದ್ ಹೋಯ್ನಿ" ಎಂದಿದ್ದರು. ಬೇಲಿಯ ದಣಪೆಯ ಹತ್ತಿರ ಅವರು ನನಗೆ ನಂಬರು ಕೊಟ್ಟು ಹೋಗಿದ್ದರು. ಮಾವನಿಗೆ ಗೊತ್ತಿರಲಿಲ್ಲ.

"ಇವ್ರಿಗ್ ಮಾಡ್," ಎಂದೆ. "ನಾ ಎಂತದೂ ಮಾತಾಡುದಿಲ್ಲೆ. ನೀನೇ ಕೇಣ್."

ಅವನು ನನ್ನನ್ನು ಸುಳ್ಳಿಯೆಂದು ಸಾಬೀತು ಮಾಡಲೆಂದೇ ಫೋನಿನ ಸ್ಪೀಕರ್ ಹಾಕಿದ. ಕಾರಿನ ಗುರುತು ಹೇಳಿದ ತಕ್ಷಣ ಆಚೆಯವರು ಮಾವ ಹೇಗಿದ್ದಾರೆ ಎಂದು ಕೇಳಿದರು. ತೀರಿಕೊಂಡರು, ತಾನು ಮಗ ಎಂದ ಭಾವ. ಆಮೇಲೆ ಆಚೆಯವರು ಕೇಳಿದರು, "ಕಾರು ನಾನು ನೋಡಿದ ಹಾಗೇ ಇದೆಯಾ ಸಾರ್? ಆ ಡಿಕ್ಕಿ ಮುಚ್ಚಳ ಇದೆಯಲ್ಲ, ಒಂದು ತೂತೂ ಇಲ್ಲದ್ದು. ಅದನ್ನ ನೋಡಿ ನನಗೆ ಎರಡು ದಿನ ನಿದ್ದೆ ಬರಲಿಲ್ಲ."

ಭಾವ ಮಿರುಗುವ ಅಕ್ಷರಗಳನ್ನು ನೋಡಿದ. "ಈಗ ಇದೆ," ಎಂದ.

"ಏನು?"

"ತೂತು."

"ಎಷ್ಟು?"

"ನಾಲ್ಕು."

"ಯಾವಾಗ ಮಾಡಿದ್ದು?"

"ಇವತ್ತು."

ಮೇಸ್ತ್ರಿ ಡ್ಯಾಶ್‌ಬೋರ್ಡಿನಡಿಯಿಂದ ಹೊರಬಂದು ಎದ್ದು ಕೂತ.

"ಸರಿ," ಎಂದರು ಮೈಸೂರಿನವರು, ನೋವಾದವರಂತೆ. "ಅದನ್ನ ಮುಚ್ಚೋಕೆ ಹೋಗಬೇಡಿ. ಹೇಗಾಯ್ತು ಅಂತ ಮುಂದೆ ಕೇಳಿದವರಿಗೆ ನಿಜ ಹೇಳಿದರಾಯ್ತು. ಸ್ಟೇರಿಂಗು?"

"ಅದು ನಾಳೆ..."

"ಮುಟ್ಟಬೇಡಿ. ದಮ್ಮಯ್ಯ ಅಂತೀನಿ, ಅದನ್ನ ಮುಟ್ಟಬೇಡಿ. ಇನ್ನೊಂದು ವಿಷಯ. ಬಲಗಡೆ ಕನ್ನಡಿ ಬೇರೆ ಯಾವುದೋ ಕಾರಿಂದು. ನಿಮ್ಮ ತಂದೆಯವರನ್ನ ಕೇಳಿದೆ. ಮರವಂತೆಯಲ್ಲಿ ಹೋಯ್ತು ಅಂದರು. ಮುಂದೆ ಎಷ್ಟು ಕೇಳಿದರೂ ಹೇಳಲಿಲ್ಲ. ದೊಡ್ಡ ಅಪಘಾತ ಆಗಿದ್ದರೆ ನನಗೆ ಬೇಡ. ಆ ಕಾರಿನ ಚರಿತ್ರೆಯಲ್ಲಿ ಅದೊಂದೇ ಗೊತ್ತಿಲ್ಲದ್ದು. ಯಾರಾದರೂ ನೋಡಿದವರು ಇದ್ದಾರಾ?"

ಆ ಕನ್ನಡಿ ನನಗೂ ಗೊತ್ತಿಲ್ಲದ ವಿಷಯ. ನಾನು ಕೇಳಿದಾಗಲೂ ಮಾವ ಅಷ್ಟೇ ಹೇಳಿದ್ದರು. ನನ್ನ ಸೀಟಿನ ಪಕ್ಕದಲ್ಲೇ ಇದ್ದ ಕನ್ನಡಿ.

ಭಾವ ನನ್ನ ಮುಖ ನೋಡಲಿಲ್ಲ. ಫೋನಿಗೇ ಹೇಳಿದ. ಮೈಸೂರಿನವರ ಜೊತೆ ಆಡುತ್ತಿದ್ದ ಪೇಟೆಯ ಕನ್ನಡ ಅವನಿಗೆ ಅರ್ಧದಲ್ಲೇ ಬಿಟ್ಟುಹೋಯಿತು.

"ನಾ ಇದ್ದಿದ್ದೆ ಸಾರ್. ನಂಗ್ ಒಂಬತ್ತ್ ವರ್ಷ. ಕಾರ್ ಆಗ್ಳೇ ಊರಿಗ್ ಬಂದದ್ದ್. ಬಲ್ದ್ ಸೀಟಂಗೆ ನನ್ನನ್ನೇ ಕೂರ್ಸ್ಕಂತಿದ್ರ್. ಮರವಂತೆಲಿ ರಸ್ತೆ ಆಗ ಸಪೂರ, ಈಚೆ ಸಮುದ್ರ, ಆಚೆ ಹೊಳೆ. ಮುಂದ್ ಮೀನ್ ಲಾರಿ ಇತ್ತ್. ನಾ ಸಮುದ್ರ ಕಾಣ್ತಿದ್ದೆ. ಅಪ್ಪಯ್ಯ ಕೇಂಡ್ರ್. ನಾ ಕಾಣ್ದೇ ಹೋಪ ಅಂದೆ." ಅವನು ಫೋನನ್ನು ಇನ್ನೊಂದು ಕೈಗೆ ಬದಲಿಸಿದ. "ಎದ್ರಿಂದ ಬಸ್ ಬಂತ್. ಕನ್ನಡಿ ಮಾತ್ರ ಹೋದ್ದ್. ಬೇರೆ ಒಂದ್ ಗೀರೂ ಇಲ್ಲೆ. ಅಪ್ಪಯ್ಯ ಬೈಲಿಲ್ಲೆ. ಕಾರ್ ನಿಲ್ಸಿ, ಹಿಂದಿನ್ ಬಾಗ್ಲ್ ತೆಗ್ದ್, ನನ್ನ ಹಿಂದ್ ಕೂರ್ಸದ್ರ್. ಮತ್ತ್ ಮುಂದ್ ಕರೀಲೇ ಇಲ್ಲೆ."

ಆಮೇಲೆ ನನ್ನ ಕಡೆ ತಿರುಗಿದ. "ಮತ್ತ್ ನೀ ಕೂಕಂಡೆ."

ಮೈಸೂರಿನವರು ನಿಧಾನವಾಗಿ, ಕನ್ನಡಿ ಮಾತ್ರವಾದರೆ ಅಡ್ಡಿಯಿಲ್ಲ, ಇದನ್ನೂ ಸೇರಿಸಿಯೇ ಕಾರಿನ ಕಥೆ ಎಂದರು. ಮರುದಿನವೇ ಘಟ್ಟ ಇಳಿದು ಬರುವುದಾಗಿಯೂ, ದಾರಿಯಲ್ಲೇ ಸಿಗುವ ಹಾಲಾಡಿ ಪೇಟೆಯಲ್ಲಿ ಕಾರು ನೋಡುವುದಾಗಿಯೂ ಹೇಳಿದರು. ಕಾರನ್ನು ಎಳೆದು ತರುವುದು ಬೇಡ, ಹೊಸ ಕೈಯೂ ಬೇಡ. ಮೊದಲು ಯಾರು ಓಡಿಸುತ್ತಿದ್ದರೋ ಅವರೇ ತರಲಿ.

ಫೋನು ಇಟ್ಟ ಮೇಲೆ ಭಾವ ಮುಚ್ಚಳದಿಂದ ಅಕ್ಷರಗಳನ್ನು ಕಿತ್ತು ಅಂಗಿಯ ಕಿಸೆಗೆ ಹಾಕಿಕೊಂಡ. ಅವನಿಗೆ ಎಡಗಡೆ ಸ್ಟೇರಿಂಗ್ ಬರುವುದಿಲ್ಲ. ಮಾವ ಕಲಿಸಿರಲಿಲ್ಲ.

"ನಾಳೆ ನೀ ಬರ್ಕ್," ಎಂದ.

"ಬತ್ತೆ."

"ಕೊಟ್ಟ್ ಕಳ್ಸುಕೆ ಮಾತ್ರ. ಅದ್ರಂಗೆ ನಿಂಗ್ ಪಾಲ್ ಇಲ್ಲೆ."

"ನಾ ಕೇಂಡಿದ್ನಾ?"

"ಕೇಣ್ಬೇಡ. ನಿನ್ ಅಬ್ಬಿ ಹತ್ರನೂ ಹೇಳ್."

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. "ಬಾಯ್ ಮುಚ್ಕಂಡಿದ್ರೆ ನಮ್ಮನೆಗೇ ಬತ್ತಿದ್ದಿತ್," ಎಂದಳು. "ಹೌದು," ಎಂದೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಬ್ರಹ್ಮಾವರಕ್ಕೆ ಹೋದೆ. ಅದು ಭಾನುವಾರ. ಮೇಸ್ತ್ರಿ ಬಿಚ್ಚಿದ್ದನ್ನೆಲ್ಲ ತಿರುಗಿ ಜೋಡಿಸಿ, ಹೊಸ ಬ್ಯಾಟರಿ ಹಾಕಿ, ಬಾಗಿಲಲ್ಲಿ ಹಲ್ಲುಜ್ಜುತ್ತ ನಿಂತಿದ್ದ. ನಾನು ಎಡಗಡೆ ಹತ್ತಿ ಕೂತು ಎಂಜಿನ್ ಚಾಲೂ ಮಾಡಿದೆ. ಭಾವ ಬಂದು ಹಿಂದಿನ ಬಾಗಿಲು ತೆರೆದ. ನಾನು ಕೈಚಾಚಿ ಮುಂದಿನ ಬಲಬಾಗಿಲು ತೆರೆದಿಟ್ಟು, ಗೇರಿಗೆ ಹಾಕದೆ ಕಾದೆ. ಹೊತ್ತು ಹೋಯಿತು. ಮೇಸ್ತ್ರಿ ಬಾಯಿ ಮುಕ್ಕಳಿಸಿ ಒಳಗೆ ಹೋದ. ಕೊನೆಗೆ ಭಾವ ಹಿಂದಿನ ಬಾಗಿಲನ್ನು ಜೋರಾಗಿ ಹಾಕಿ, ಮುಂದೆ ಬಂದು ಕೂತ.

ಬಾರ್ಕೂರು ದಾಟಿ ಒಳರಸ್ತೆಯಲ್ಲಿ ಹೋಗುವಾಗ ಮುಂದೆ ಹಾಲಾಡಿಯ ಬಸ್ಸು ಸಿಕ್ಕಿತು. ನನಗೆ ಅದರ ಹಿಂಬದಿಯ ಗಾಜು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಭಾವ, ಬೇರೆ ಕಾರಿನಿಂದ ತಂದು ಹಾಕಿದ್ದ ಆ ಕನ್ನಡಿಯ ಆಚೆಗೆ ತಲೆ ವಾಲಿಸಿ ನೋಡಿದ. ಒಂದು ಸಲ ಅಲ್ಲ, ಬಹಳ ಸಲ. ರಸ್ತೆ ಖಾಲಿಯಿದ್ದ ಕಡೆಗಳು ಅಲ್ಲಿ ಬೇಕಾದಷ್ಟಿವೆ, ನನಗೆ ಗೊತ್ತು. ಅವನು ಏನೂ ಹೇಳಲಿಲ್ಲ. ನಾನು ಕೇಳಲಿಲ್ಲ. ಬಸ್ಸು ನಿಂತಲ್ಲೆಲ್ಲ ನಿಂತು, ಹೊರಟಾಗ ಹೊರಟು, ಹಾಲಾಡಿಯ ತನಕ ಅದರ ಹಿಂದೆಯೇ ಕಾರು ಓಡಿಸಿದೆ.